ಸಂಜು ಹಾಲು ಒಲ್ಲೆನೆಂದ ಚಳಿಗಾಲ

ಮೊಲೆ ಬಾಯಿಗೆ ತಾಗಿದ್ದೇ ತಡ, ಸಂಜು ಬಿಲ್ಲಿನಂತೆ ಹಿಂದಕ್ಕೆ ಬಾಗಿ, ನಾಲಗೆ ಹೊರಗೆ ಹಾಕಿ, ಓಣಿಗೆಲ್ಲ ಕೇಳುವಂತೆ ಕಿರುಚಿದ. ರೇಣುಕಾ ಅವನನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿದಳು. ಇನ್ನೊಂದು ಎದೆಗೆ ಹಾಕಿಕೊಂಡಳು. ಅಲ್ಲೂ ಅದೇ. ಎರಡೂ ಕೈಯಿಂದ ಅವಳನ್ನು ದೂಡಿದ. ಹತ್ತು ತಿಂಗಳ ಕೂಸಿಗೆ ಅಷ್ಟು ಕಸುವು ಎಲ್ಲಿಂದ ಬಂತೋ.

"ಹಲ್ಲ ಬರಾಕತ್ತಿರಬೇಕ ತಗೋ," ಅಂದೆ. ನಾನು ಗೋಡೆಗೆ ಒರಗಿ, ಪ್ಲಾಸ್ಟರ್ ಹಾಕಿದ ಕಾಲು ಮುಂದೆ ಚಾಚಿ ಕೂತಿದ್ದೆ.

"ಹಲ್ಲ ಬಂದ ಎರಡ ತಿಂಗಳಾತ್ರಿ," ಅಂದಳು. "ಮನ್ಯಾಗ ಇದ್ದಿದ್ರ ನಿಮಗೂ ಗೊತ್ತ ಆಗ್ತಿತ್ತು."

ಅವಳು ಆಗಷ್ಟೇ ಹತ್ತಿ ಬಿಡಿಸಿ ಬಂದಿದ್ದಳು. ಸೆರಗಿಗೆ ಹತ್ತಿಯ ಎಳೆಗಳು ಅಂಟಿದ್ದವು, ಬೆರಳ ತುದಿಗಳು ಗೀರಿಹೋಗಿದ್ದವು. ಬೆಳಗಿನಿಂದ ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಕೂಸು ಕುಡಿದರೆ ಇಬ್ಬರಿಗೂ ಹಗುರ. ಕೂಸು ಕುಡಿಯಲಿಲ್ಲ. ನಾಲ್ಕು ವರ್ಷದ ಮಗಳು ಚೈತ್ರಾ ಕೈಯಲ್ಲಿ ರೊಟ್ಟಿ ಹಿಡಿದು ನೋಡುತ್ತ ನಿಂತಿದ್ದಳು.

"ಯವ್ವಾ, ಸಂಜ್ಯಾ ನಿನ್ನ ಜೋಡಿ ಟೂ ಬಿಟ್ಟಾನ," ಅಂದಳು.

ಇದು ಹಳೆಯ ಮಾತು. ಮೊನ್ನೆ ನಸುಕಿನಲ್ಲಿ ಲಕ್ಷ್ಮೇಶ್ವರದ ಕಡೆ ಗಾಡಿ ಒಯ್ಯುವಾಗ ರಸ್ತೆ ಬದಿ ನಿಲ್ಲಿಸಿ ಹೊಲಕ್ಕೆ ಇಳಿದೆ. ಕಡಲೆ ಹೊಲ. ಇಬ್ಬನಿಗೆ ಪ್ಯಾಂಟು ಮೊಣಕಾಲವರೆಗೂ ತೊಯ್ದಿತು. ಗಿಡದ ಹುಳಿ ವಾಸನೆ ಮೂಗಿಗೆ ಬಡಿದ ಕೂಡಲೇ ಆ ಚಳಿಗಾಲ ಎದ್ದು ಎದುರಿಗೆ ನಿಂತಿತು. ಸಂಜು ಈಗ ಅಂಗನವಾಡಿಗೆ ಹೋಗುತ್ತಾನೆ, ಅವನಿಗೆ ಏನೂ ನೆನಪಿಲ್ಲ. ನನಗಿದೆ.

ನಮ್ಮದು ಬೆಳ್ಳಟ್ಟಿ. ನನ್ನ ಹತ್ತಿರ ಒಂದು ಸಣ್ಣ ಗೂಡ್ಸ್ ಗಾಡಿ ಇದೆ. ಹಂಗಾಮಿನಲ್ಲಿ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಏನು ಸಿಕ್ಕರೆ ಅದನ್ನು ಹೇರುತ್ತೇನೆ. ಆ ವರ್ಷ ದೀಪಾವಳಿ ಮುಗಿದ ಮೇಲೆ ಹತ್ತಿ ತುಂಬಿದ ಅಂಡಿಗೆಯೊಂದು ಗಾಡಿಯಿಂದ ಉರುಳಿ ನನ್ನ ಪಾದದ ಮೇಲೆ ಬಿತ್ತು. ಹತ್ತಿ ಹಗುರ ಎನ್ನುವವರು ತುಂಬಿದ ಅಂಡಿಗೆ ಎತ್ತಿ ನೋಡಬೇಕು. ಕಾಲಿಗೆ ಪ್ಲಾಸ್ಟರ್ ಬಿತ್ತು. ಗಾಡಿಯನ್ನು ಗೆಳೆಯ ಫಕೀರೇಶನ ಕೈಗೆ ಕೊಟ್ಟೆ. ಮನೆ ನಡೆಯಬೇಕಲ್ಲ, ರೇಣುಕಾ ಹತ್ತಿ ಬಿಡಿಸುವ ಹೆಂಗಸರ ಗುಂಪಿಗೆ ಸೇರಿದಳು. ನಸುಕಿನಲ್ಲಿ ಟಂಟಂ ರಿಕ್ಷಾ ಬಂದು, ನಮ್ಮ ಕಟ್ಟೆಗೆ ಕಾಣುವ ಊರಬಾಗಿಲ ಅಗಸಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು. ಅವಳು ರೊಟ್ಟಿ ಗಂಟು ಕಟ್ಟಿಕೊಂಡು ಓಡುತ್ತಿದ್ದಳು. ಮನೆಯಲ್ಲಿ ನಾನು, ಇಬ್ಬರು ಮಕ್ಕಳು.

ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದ ಬಂದಿಲ್ಲ. ಶಾಲೆಯಲ್ಲೂ ಅದಕ್ಕೇ ಉಳಿಯಲಿಲ್ಲ. ಮುಂಜಾನೆ ಕಟ್ಟೆಯ ಮೇಲೆ ಬಿಸಿಲಿಗೆ ಕೂತರೆ ರಸ್ತೆಯಲ್ಲಿ ಹೋಗುವ ಪ್ರತಿ ಗಾಡಿಯ ಸದ್ದು ನನ್ನನ್ನು ಎಳೆಯುತ್ತಿತ್ತು. ಯಾರದು, ಏನು ಹೇರಿದ್ದಾನೆ, ಗಿಯರು ಯಾಕೆ ಹಾಗೆ ಹಾಕಿದ. ಕೈಯೂರಿ ಏಳುತ್ತಿದ್ದೆ, ಒಂಟಿಗಾಲಲ್ಲಿ ಕುಂಟಿ ಬಾಗಿಲತನಕ ಹೋಗುತ್ತಿದ್ದೆ, ಮತ್ತೆ ಬಂದು ಕೂರುತ್ತಿದ್ದೆ. ಅಷ್ಟರಲ್ಲಿ ಸಂಜು ಹರಿದಾಡಿಕೊಂಡು ಒಲೆಯ ಬೂದಿಗೆ ಕೈ ಹಾಕಿರುತ್ತಿದ್ದ. ಚೈತ್ರಿ ಸ್ವೆಟರ್ ಬಿಚ್ಚಿ ಎಸೆದಿರುತ್ತಿದ್ದಳು. ಅವಳಿಗೆ ಮೂಗು, ಅವನಿಗೆ ಮೂಗು. ಒಬ್ಬರದನ್ನು ಒರೆಸುವಷ್ಟರಲ್ಲಿ ಇನ್ನೊಬ್ಬರದು.

ಹತ್ತಿಕಟ್ಟಿಗೆ ಉರಿ ಹಾಕಿ ನೀರು ಕಾಯಿಸಿ ಇಬ್ಬರಿಗೂ ಮೈತೊಳೆಯುವಷ್ಟರಲ್ಲಿ ನನಗೆ ಒಂದು ಲೋಡು ಇಳಿಸಿದಷ್ಟು ದಣಿವು. ಚೈತ್ರಿ ಬಚ್ಚಲಲ್ಲಿ ನಿಂತು ನನಗೇ ಪಾಠ ಹೇಳುತ್ತಿದ್ದಳು.

"ಹಂಗ ಅಲ್ಲಪಾ. ಮೊದಲ ಕೈ ಹಾಕಿ ನೀರ ನೋಡಬೇಕು. ಅವ್ವ ಹಂಗ ಮಾಡತಾಳ."

"ನಿಮ್ಮವ್ವಗ ಎರಡ ಕಾಲ ಅದಾವ."

"ನೀರ ಕಾಲಿಲೆ ನೋಡ್ತಾರೇನು? ಕೈಲೆ ನೋಡ್ತಾರ."

ಇಂಥ ಹುಡುಗಿ.

ಆ ಸಂಜೆ ಹಾಲು ಒಲ್ಲೆನೆಂದ ಸಂಜು ಮರುದಿನವೂ ಒಲ್ಲೆನೆಂದ. ಅದರ ಮರುದಿನವೂ. ರೇಣುಕಾ ಬಾಗಿಲು ದಾಟಿ ಒಳಗೆ ಬಂದರೆ ಮೊದಲಿನಂತೆ ಕೈ ಚಾಚಿ ಹೋಗುತ್ತಿದ್ದ, ಕೊರಳಿಗೆ ಬೀಳುತ್ತಿದ್ದ, ನಗುತ್ತಿದ್ದ. ಅವಳು ಕೂತು ಸೆರಗು ಸರಿಸಿದ ಕೂಡಲೇ ಮುಖ ತಿರುಗಿಸುತ್ತಿದ್ದ. ದೃಷ್ಟಿಯಾಗಿರಬೇಕೆಂದು ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು. ಶಿರಹಟ್ಟಿಗೆ ಒಯ್ದು ಡಾಕ್ಟರಿಗೆ ತೋರಿಸಿದಳು. ಬಾಯಿ, ಗಂಟಲು, ಕಿವಿ ಎಲ್ಲ ನೋಡಿ, ಕೂಸಿಗೆ ಏನೂ ಆಗಿಲ್ಲ ಅಂದರು. ಅವಳ ಎದೆಯೂ ಕೆಂಪಾಗಿ ಉರಿಯುತ್ತಿತ್ತು. ಚಳಿಗೆ ಒಡೆದಿರಬೇಕೆಂದು ಕೊಬ್ಬರಿಎಣ್ಣೆ ಸವರಿಕೊಂಡಳು.

ಹಸಿದ ಕೂಸನ್ನು ಹಾಗೇ ಬಿಡಲು ಆಗುತ್ತದೆಯೇ. ನಾನು ಎಮ್ಮೆಯ ಹಾಲಿಗೆ ನೀರು ಬೆರೆಸಿ, ಕಾಯಿಸಿ ಆರಿಸಿ, ಬಟ್ಟಲಿನಿಂದ ಕುಡಿಸಿದೆ. ಅರ್ಧ ಹೊಟ್ಟೆಗೆ, ಅರ್ಧ ನನ್ನ ಅಂಗಿಗೆ. ಆದರೂ ಕುಡಿದ. ರಾಗಿ ಗಂಜಿ ತಿಂದ. ಬಿಸ್ಕೀಟು ಅದ್ದಿ ಕೊಟ್ಟರೆ ನನ್ನ ಬೆರಳನ್ನೂ ಕಚ್ಚಿ ಚೀಪಿದ. ನನಗೆ ಒಳಗೊಳಗೇ ಖುಷಿಯಾಯಿತು. ಇದು ಮುಗಿದರೆ ಒಂದು ತಲೆಬೇನೆ ಕಡಿಮೆ ಎಂದುಕೊಂಡೆ. ಅವಳು ಎಷ್ಟು ಹೊತ್ತಿಗೆ ಬಂದರೂ ಚಿಂತೆ ಇಲ್ಲ, ದೂರದ ಹೊಲಕ್ಕೂ ಹೋಗಬಹುದು.

ರೇಣುಕಾ ಅದನ್ನು ನೋಡಿದಳು. ಸಂಜು ನನ್ನ ತೊಡೆಯ ಮೇಲೆ ಬಟ್ಟಲಿಗೆ ಬಾಯಿ ಹಚ್ಚಿ ಕೂತಿದ್ದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಿಮ್ಮ ಕೈಲೆ ಕುಡೀತಾನ," ಅಂದಳು.

"ಕುಡೀಲಿ ಬಿಡು. ಹೊಟ್ಟಿ ತುಂಬಿದ್ರ ಆತು."

"ಯಾರ ಹೊಟ್ಟಿ?"

"ಅವನದು. ಮತ್ಯಾರದು?"

ಹಿಟ್ಟಿನ ಮೇಲೆ ಅವಳ ಕೈ ಬಿದ್ದ ಸದ್ದು ಕೇಳಿ ಚೈತ್ರಿ ನನ್ನ ಹತ್ತಿರ ಸರಿದು ಕೂತಳು.

ಆಗ ನನಗೆ ತಿಳಿಯಲಿಲ್ಲ, ಆಮೇಲೆ ಅವಳೇ ಹೇಳಿದಳು. ಚೈತ್ರಿ ಹುಟ್ಟಿದಾಗ ಆರನೇ ತಿಂಗಳಿಗೇ ಕೂಲಿಗೆ ಹೋಗಬೇಕಾಗಿ ಬಂದು ಅವಳಿಗೆ ಪೂರ್ತಿ ಕುಡಿಸಿರಲಿಲ್ಲ. ಆ ಹುಡುಗಿ ಈಗಲೂ ಅರ್ಧ ವರ್ಷ ಕೆಮ್ಮುತ್ತಲೇ ಇರುತ್ತಾಳೆ. ಅದಕ್ಕೇ ಇವನಿಗಾದರೂ ಎರಡನೇ ವರ್ಷ ತುಂಬುವವರೆಗೆ ಕುಡಿಸಬೇಕೆಂದು ಅವಳು ಮನಸ್ಸಿನಲ್ಲಿ ಹಿಡಿದಿದ್ದಳು. ನನಗೆ ಹೇಳಿರಲಿಲ್ಲ. ಹೇಳಲು ನಾನು ಮನೆಯಲ್ಲಿ ಎಲ್ಲಿ ಇರುತ್ತಿದ್ದೆ.

ಒಂದು ಮುಂಜಾನೆ, ಟಂಟಂ ಬರುವ ಮೊದಲೇ, ಪಕ್ಕದ ಮನೆಯ ನೀಲವ್ವಾಯಿ ಬಂದಳು. ವಯಸ್ಸಾದ ಹೆಂಗಸು, ನಮ್ಮ ಗೋಡೆಗೆ ಅವಳ ಗೋಡೆ ಹತ್ತಿಕೊಂಡಿದೆ, ಬಟ್ಟೆ ಒಣಹಾಕುವ ಹಗ್ಗವೂ ಒಂದೇ.

"ಏ ಮಂಜಾ, ನನ್ನ ಹುಳಿ ಅರಿವಿ ನಿಮ್ಮ ಮನ್ಯಾಗೇನರ ಬಂದೈತೇನ ನೋಡಪಾ. ಹಗ್ಗದ ಮ್ಯಾಲೆ ಹಾಕಿದ್ದೆ, ಇಲ್ಲ. ಯಾವ ಹಾಟ್ಯಾನ ಮಕ್ಕಳ ಒಯ್ದರೋ."

ಗೊತ್ತಿಲ್ಲದವರಿಗೆ ಹೇಳಬೇಕು. ಚಳಿಗಾಲದಲ್ಲಿ ಕಡಲೆ ಗಿಡದ ಮೇಲೆ ಬೀಳುವ ಇಬ್ಬನಿ ಹುಳಿಯಾಗುತ್ತದೆ. ಸಂಜೆ ಹೊತ್ತು ಹೊಲದಲ್ಲಿ ಗಿಡಗಳ ಮೇಲೆ ಒಂದು ಹಳೆಯ ಮೆತ್ತನೆಯ ಧೋತರದ ತುಂಡು ಹಾಸಿ ಬರುತ್ತಾರೆ. ಬೆಳಗಿಗೆ ಅದು ತೊಯ್ದು ತೊಪ್ಪೆಯಾಗಿರುತ್ತದೆ. ಹಿಂಡಿ ಸೀಸೆಗೆ ತುಂಬುತ್ತಾರೆ. ಕೆಲವರು ಹಿಂಡುವುದಿಲ್ಲ, ಒಣಗಿಸಿ ಮತ್ತೆ ಹಾಸುತ್ತಾರೆ, ಮತ್ತೆ ಒಣಗಿಸುತ್ತಾರೆ. ಹುಳಿ ಅರಿವೆಯಲ್ಲೇ ಕೂರುತ್ತದೆ. ಯಾರಿಗಾದರೂ ಹೊಟ್ಟೆ ನೋವು ಬಂದರೆ ಅದರ ಒಂದು ಚೂರು ನೀರಲ್ಲಿ ನೆನೆಸಿ ಕುಡಿಸುತ್ತಾರೆ. ನೀಲವ್ವಾಯಿಯ ಅರಿವೆ ಎಂದರೆ ಓಣಿಗೆಲ್ಲ ಔಷಧ.

"ನಮ್ಮಲ್ಲೆ ಎಲ್ಲಿ ಬರ್ತದ ಆಯಿ," ಅಂದೆ.

ಬಚ್ಚಲ ಗೂಟಕ್ಕೆ ರೇಣುಕಾ ತೆಗೆದುಹಾಕಿದ, ಮಡಚಿದ ಬಿಳಿ ಅರಿವೆಯೊಂದು ನೇತಾಡುತ್ತಿತ್ತು. ಹೊಲದಲ್ಲಿರುವಾಗ ಹಾಲು ಸೋರಿ ಕುಪ್ಪಸ ತೊಯ್ಯುತ್ತದೆಂದು ಅವಳು ಅದನ್ನು ಮಡಚಿ ಒಳಗೆ ಇಟ್ಟುಕೊಳ್ಳುತ್ತಿದ್ದಳು. ಸಂಜುವಿನ ಅರಿವೆಗಳೂ ಹಳೆಯ ಧೋತರದವೇ. ಎಲ್ಲವೂ ಒಂದೇ ಬಣ್ಣ, ಒಂದೇ ಮೆತ್ತಗೆ. ನೀಲವ್ವಾಯಿ ಕುಂಟುತ್ತ ಹೋಗಿ ಅದನ್ನು ತೆಗೆದು, ಮೂಲೆಯನ್ನು ಬಾಯಲ್ಲಿಟ್ಟು ಚೀಪಿದಳು. ಅವಳ ಮುಖ ಸಂಜುವಿನ ಮುಖದಂತೆಯೇ ಕಿವುಚಿತು.

"ಇದ ನೋಡ ನಂದು! ಇದನ್ನ ಯಾರ ಹಿಂಗ ಮಡಚ್ಯಾರಲೇ?"

ಒಳಗಿಂದ ರೇಣುಕಾ ಬಂದಳು. ಅರಿವೆ ನೋಡಿದಳು. ಆಯಿಯ ಮುಖ ನೋಡಿದಳು. ಆಮೇಲೆ ಚೈತ್ರಿಯನ್ನು ನೋಡಿದಳು.

"ಆವತ್ತ ಟಂಟಂ ಹಾರ್ನ್ ಹೊಡೀವಾಗ ನೀನ ತಂದ ಕೊಟ್ಟದ್ದಲ್ಲೇನವಾ?"

"ಹೂಂ. ಅಪ್ಪ ಅಂದ, ಮೆತ್ತಂದ ಒಂದ ತಾ ಅಂತ. ಹಗ್ಗದ ಮ್ಯಾಲೆ ಇದ ಮೆತ್ತಗಿತ್ತು."

ಅವಳದೇನೂ ತಪ್ಪಿಲ್ಲ, ತಾ ಅಂದವನು ನಾನೇ. ಮೆತ್ತಗೇ ಇತ್ತು. ಒಣಗಿದ ಅರಿವೆಗೆ ಹಾಲು ತಾಗಿ ಹುಳಿಯೆಲ್ಲ ಮೈಗೆ ಹತ್ತಿದೆ. ಆ ದಿನವೇ ಒಗೆದಿದ್ದರೆ ಹೋಗುತ್ತಿತ್ತು. ಸಂಜೆ ಒಲೆಯ ಮುಂದೆ ಒಣಗಿಸಿ ಮರುದಿನ ಮತ್ತೆ ಅದನ್ನೇ ಇಟ್ಟುಕೊಂಡಿದ್ದಳು.

ನೀಲವ್ವಾಯಿಗೆ ನಗು ತಡೆಯಲಾಗಲಿಲ್ಲ. "ಮಂದಿ ಹಾಲ ಬಿಡಸಾಕ ಬೇವ ಅರದ ಹಚ್ಚತಾರ. ನಿಮ್ಮ ಮಗಾ ನನ್ನ ಅರಿವಿಲೆ ಬಿಟ್ಟಾನಲ್ಲೋ!"

ರೇಣುಕಾಳೂ ನಕ್ಕಳು. ನಾನೂ ನಕ್ಕೆ. ನೋಡಿದರೆ ಅವಳು ನಗುತ್ತಿರಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ನಾ ಬಿಡಸಬೇಕಂತ ಬಿಡಸಿದ್ರ ಬ್ಯಾರೆ ಮಾತ ಆಯಿ," ಅಂದಳು. "ಅವಾ ನಾನ ಹುಳಿ ಅನ್ಕೊಂಡಾನ."

ಕಾರಣ ಸಿಕ್ಕಿತಲ್ಲ, ಇನ್ನು ಸರಿಹೋಗುತ್ತದೆ ಎಂದು ನಾನು ತಿಳಿದೆ. ಬಿಸಿನೀರಲ್ಲಿ ಮೈತೊಳೆದು, ಬೇರೆ ಕುಪ್ಪಸ ಹಾಕಿ, ಎದೆಗೆ ಚೂರು ಜೇನುತುಪ್ಪ ಸವರಿ ಕೂಸಿಗೆ ಕೊಟ್ಟಳು. ಅವನು ಹತ್ತಿರವೂ ಬರಲಿಲ್ಲ. ನಾಲಗೆಗೆ ಒಮ್ಮೆ ಬಿದ್ದ ಪೆಟ್ಟು ಅವನಿಗೆ ನೆನಪಿತ್ತು. ಕಾರಣ ನಮಗೆ ತಿಳಿದಿತ್ತು, ಅವನಿಗೆ ಹೇಳುವುದು ಹೇಗೆ?

ಎದೆ ಗಡ್ಡೆ ಕಟ್ಟಿ ರೇಣುಕಾಳಿಗೆ ಜ್ವರ ಬಂತು. ಕೌದಿ ಹೊದ್ದು ಮಲಗಿದಳು, ನಡುನಡುವೆ ಎದ್ದು ಬಟ್ಟಲಿಗೆ ಹಾಲು ಹಿಂಡಿ ಬಚ್ಚಲಿಗೆ ಚೆಲ್ಲಿ ಬಂದಳು. ಅದನ್ನು ಬಟ್ಟಲಿನಿಂದ ಕುಡಿಸುತ್ತೇನೆ ಕೊಡು ಅಂದರೆ ಅದಕ್ಕೂ ಸಂಜು ಒಲ್ಲೆ ಅಂದ. ಅವಳು ಕೆಲಸಕ್ಕೆ ಹೋಗಲಿಲ್ಲ. ಸಂಜೆ ಗುಂಪಿನ ಶಾಂತಕ್ಕ ಬಂದು ಬಾಗಿಲಲ್ಲೇ ನಿಂತಳು. ಹೆಂಗಸರನ್ನು ಕೂಡಿಸಿ ಹೊಲಕ್ಕೆ ಒಯ್ಯುವವಳು ಅವಳೇ.

"ರೇಣವ್ವಾ, ಇವತ್ತ ಬಿಟ್ಟೀನಿ. ನಾಳೆ ಒಂದ ದಿನ ಬಿಡತೀನಿ. ನಾಡದ ಬರ್ಲಿಲ್ಲಂದ್ರ ಕೊಟ್ನೆಕಲ್ಲವ್ವನ ಸೊಸಿ ಕೇಳಾಕತ್ತಾಳ, ಅಕಿನ ಹಾಕ್ಕೋತೀನಿ. ನಂದೂ ಏನ ಮಾಡ್ಲಿ, ಹತ್ತಿ ಒಡದ ನೆಲಕ್ಕ ಬೀಳಾಕತ್ತೈತಿ."

"ಬರ್ತಾಳ," ಅಂದೆ ನಾನು. "ನಾಡದ ಖರೆ ಬರ್ತಾಳ."

ರೇಣುಕಾ ಕೌದಿಯೊಳಗಿಂದ ನನ್ನನ್ನು ನೋಡಿದಳು.

ನೀಲವ್ವಾಯಿ ಒಂದು ಉಪಾಯ ಹೇಳಿದ್ದಳು. ಮಲ್ಲಿಗೆ ಹೂ ಎದೆಗೆ ಕಟ್ಟಿದರೆ ಹಾಲು ಬತ್ತುತ್ತದೆ, ಗಡ್ಡೆ ಇಳಿಯುತ್ತದೆ, ಜ್ವರವೂ ಬಿಡುತ್ತದೆ. ಚಳಿಗಾಲದಲ್ಲಿ ಮಲ್ಲಿಗೆ ಸಿಗುವುದು ಕಷ್ಟ, ಕಾಕಡಾ ಹೂವಾದರೂ ನಡೆಯುತ್ತದೆ. ಫಕೀರೇಶ ಮರುದಿನ ಮುಂಡರಗಿಗೆ ಹೋಗಿದ್ದ. ಫೋನು ಹಚ್ಚಿದೆ.

"ಬರೂ ಮುಂದ ಕಾಕಡಾ ಹೂ ತಗೊಂಡ ಬಾರಲೇ. ನಾಕ ಮಳ."

"ನಾಕ ಮಳ! ಏನ್ಲೇ ಮಂಜ್ಯಾ, ಕಾಲ ಮುರದ ಮ್ಯಾಲೆ ಹೆಂಡ್ತಿ ಮ್ಯಾಲೆ ಪ್ರೀತಿ ಉಕ್ಕೇತೇನು?"

"ಬಾಯಿ ಮುಚಗೊಂಡ ತಾ."

"ಮಲ್ಲಿಗಿ ದಂಡಿ ಮಾಡಸಲೇನು? ಬಾಸಿಂಗಾನೂ ತರ್ಲೇನು?"

ಫೋನು ಇಟ್ಟೆ. ಹೊತ್ತು ಮುಳುಗುವ ಮೊದಲೇ ಅವನು ಬಾಳೆಎಲೆಯಲ್ಲಿ ಸುತ್ತಿದ ಹೂ ತಂದ. ರೇಣುಕಾ ಮಲಗಿದ್ದನ್ನು, ನನ್ನ ಮುಖವನ್ನು ನೋಡಿ ಚೇಷ್ಟೆ ಬಿಟ್ಟು, ಚಹಾ ಕೂಡ ಕುಡಿಯದೆ ಹೋದ.

ನಾನು ಹೂ ಅವಳ ಪಕ್ಕದಲ್ಲಿಟ್ಟೆ. "ಕಟ್ಕೋ. ಮುಗದ ಹೋಗ್ಲಿ ಒಮ್ಮೆ."

"ಇದನ್ನ ತರಾಕ ಯಾರ ಹೇಳಿದ್ರು?"

"ಆಯಿ ಹೇಳಿದ್ಲು. ಎಷ್ಟ ದಿನಾ ಹಿಂಗ ನಳ್ಳಾಡ್ತಿ? ಅವಾ ಬಟ್ಲದಾಗ ಕುಡೀತಾನ, ಉಣ್ತಾನ. ಶಾಂತಕ್ಕ ಬ್ಯಾರೆ ಕಾಯಾಕತ್ತಾಳ."

"ನಿಮಗ ಗಾಡಿ ಹತ್ತೂದ ಒಂದ ಗೊತ್ತ ನೋಡ್ರಿ," ಅಂದಳು. ದನಿ ಏರಿಸಲಿಲ್ಲ. "ಒಂದ ಲೋಡ ಇಳಸಿದ್ರ ಮುಗೀತು, ಮುಂದಿಂದು. ನಾ ಹಾಲ ಬತ್ತಿಸಿಕೊಂಡ ಮ್ಯಾಲೆ ನಾಳೆ ಅವಾ ಬೇಕಂದ್ರ ಎಲ್ಲಿಂದ ತರ್ಲಿ? ಮುಂಡರಗಿಲಿಂದ ತರ್ತೀರೇನು?"

ಹೊರಗೆ ಹೋಗಬೇಕೆನಿಸಿತು. ಹೋಗಲು ಕಾಲಿರಲಿಲ್ಲ. ಬಾಗಿಲತನಕ ಕುಂಟಿ, ನಿಂತು, ಮತ್ತೆ ಒಳಗೆ ಬಂದೆ. ಅಷ್ಟರಲ್ಲಿ ಚೈತ್ರಿ ಬಾಳೆಎಲೆ ಬಿಚ್ಚಿದ್ದಳು. ರೇಣುಕಾ ಎದ್ದು ಕೂತು, ಅವಳ ಎರಡು ಜಡೆಗೂ ನಾಲ್ಕು ಮೊಳ ಹೂವನ್ನು ಪೂರ್ತಿ ಸುತ್ತಿದಳು. ಹೂವಿನ ಭಾರಕ್ಕೆ ಹುಡುಗಿಯ ತಲೆ ಹಿಂದಕ್ಕೆ ವಾಲಿತು. ಅಂಥ ಹೊತ್ತಿನಲ್ಲೂ ಅವಳು ಕನ್ನಡಿ ಹುಡುಕಿಕೊಂಡು ಓಡಿದಳು.

ಶಾಂತಕ್ಕ ಕೊಟ್ಟ ಗಡುವಿನ ಬೆಳಗು. ಚಳಿ ಬಹಳ ಇತ್ತು, ಬಾಯಿಂದ ಹೊಗೆ ಬರುತ್ತಿತ್ತು. ರೇಣುಕಾಳ ಜ್ವರ ಸ್ವಲ್ಪ ಇಳಿದಿತ್ತು. ರೊಟ್ಟಿ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಹೋಗುತ್ತಾಳೆಂದು ನಾನು ಸಮಾಧಾನವಾಗಿದ್ದೆ. ಸಂಜು ಎದ್ದು ಕೂತು, ನಿದ್ದೆಗಣ್ಣಲ್ಲಿ ಗೋಡೆ ನೋಡುತ್ತಿದ್ದ. ಅವಳು ಹೋಗುವ ಮೊದಲು ಇನ್ನೊಂದು ಸಲ ಎಂದು ಅವನನ್ನು ಎತ್ತಿಕೊಂಡಳು. ಅವನು ಕೊಸರಿಕೊಂಡು ಇಳಿದು ಬಂದು ನನ್ನ ಪ್ಲಾಸ್ಟರಿಗೆ ಆತು ಕೂತ.

ಚೈತ್ರಿ ಕೌದಿಯೊಳಗಿಂದ ತಲೆ ಹೊರಹಾಕಿದಳು. ಜಡೆಯ ಹೂ ಬಾಡಿ ಕೆನ್ನೆಗೆ ಅಂಟಿತ್ತು.

"ಅವಗ ಬ್ಯಾಡಾದ್ರ ನಂಗ ಕೊಡು. ನಾ ಕುಡೀತೀನಿ."

"ಏ ಹುಚ್ಚಿ, ದೊಡ್ಡಾಕಿ ಆಗೀಯಲ್ಲ, ಮಂದಿ ನಗ್ತಾರ," ಅಂದೆ.

"ನಗ್ಲಿ."

ಅಂದವಳೇ ಅವ್ವನ ತೊಡೆಯ ಮೇಲೆ ಬಿದ್ದು ಸೆರಗಿನೊಳಗೆ ತಲೆ ತೂರಿಸಿದಳು. ಒಳಗೆ ಏನೂ ಕುಡಿಯಲಿಲ್ಲ, ಬರೀ ಬಾಯಿ ಚಪ್ಪರಿಸಿದಳು. ಎಮ್ಮೆಕರು ಕುಡಿಯುವಾಗ ಆಗುವಂಥ ಸದ್ದು. ನಡುನಡುವೆ ತಲೆ ಹೊರಗೆ ತೆಗೆದು, "ಆಹಾ, ಬೆಲ್ಲ ಬೆಲ್ಲ! ಸಂಜ್ಯಾಗ ಇಲ್ಲ, ಎಲ್ಲಾ ನಂದ!" ಎಂದು ಅವನಿಗೆ ನಾಲಗೆ ತೋರಿಸಿ ಮತ್ತೆ ಒಳಗೆ ಹೋದಳು. ರೇಣುಕಾ ಕಚಗುಳಿಗೆ ನಗುತ್ತ "ಏಳ ಏಳ" ಎಂದು ಅವಳ ಬೆನ್ನಿಗೆ ಹೊಡೆಯುತ್ತಿದ್ದಳು.

ಸಂಜು ನನ್ನ ಕಾಲು ಬಿಟ್ಟ. ಹರಿದುಕೊಂಡು ಹೋದ. ಅಕ್ಕನ ಜಡೆಗೆ ಕೈ ಹಾಕಿ, ಹೂವಿನ ಸಮೇತ ಹಿಡಿದು ಜಗ್ಗಿದ. ಅವಳು ಕೂಗಿದಳು. ಅವನು ಇನ್ನೂ ಜೋರಾಗಿ ಕೂಗಿದ. ಅವಳನ್ನು ದೂಡಿ, ಅವಳಿದ್ದ ಜಾಗಕ್ಕೆ ತಾನು ನುಗ್ಗಿದ. ಆಮೇಲೆ ಸದ್ದು ನಿಂತಿತು.

ರೇಣುಕಾ ಅಲುಗಾಡಲಿಲ್ಲ. ನಾನೂ ಅಲುಗಾಡಲಿಲ್ಲ. ಚೈತ್ರಿ ಮಾತ್ರ ಕೂದಲು ಉಜ್ಜಿಕೊಳ್ಳುತ್ತ, "ನಂದಿತ್ತದು," ಎಂದು ಮುನಿಸಿಕೊಂಡಳು. ಸೆರಗಿನೊಳಗಿಂದ ಗುಟುಕು ಗುಟುಕಾಗಿ ನುಂಗುವ ಸದ್ದು ಬಂತು. ಅವನ ಒಂದು ಕಾಲು ಹೊರಗೆ ಬಂದು ಗಾಳಿಯಲ್ಲಿ ಆಡುತ್ತಿತ್ತು.

ಅಗಸಿಯಲ್ಲಿ ಟಂಟಂ ಹಾರ್ನ್ ಹೊಡೆಯಿತು. ಮತ್ತೊಮ್ಮೆ ಹೊಡೆಯಿತು. ರೇಣುಕಾ ಬಾಗಿಲ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ನಾನು ಗೋಡೆ ಹಿಡಿದು ಎದ್ದೆ. ಒಂಟಿಗಾಲಲ್ಲಿ ಹಾರುತ್ತ ಹೊರಗೆ ಹೋಗಿ, ಡ್ರೈವರನಿಗೆ ಕೈ ಬೀಸಿದೆ.

"ಹಾರ್ನ್ ಹೊಡೀಬ್ಯಾಡಲೇ! ಕೂಸ ಕುಡ್ಯಾಕತ್ತೈತಿ!"

ಶಾಂತಕ್ಕ ಟಂಟಂನಿಂದ ಇಳಿದು ಬಂದು ಬಾಗಿಲಲ್ಲಿ ಇಣುಕಿದಳು. ಒಳಗೆ ನೋಡಿದಳು. ನನ್ನನ್ನು ನೋಡಿದಳು.

"ಬರೂದಿಲ್ಲಲ್ಲ?"

"ಬರೂದಿಲ್ಲಕ್ಕಾ."

"ಜಾಗಾ ಹೋಗ್ತತಿ ನೋಡು. ಆಮ್ಯಾಲೆ ನನಗನಬ್ಯಾಡ."

"ಹೋಗ್ಲಿ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಟಂಟಂ ಕೊಟ್ನೆಕಲ್ಲವ್ವನ ಓಣಿಯ ಕಡೆ ತಿರುಗಿತು. ಆ ಹಂಗಾಮಿನಲ್ಲಿ ಅದು ನಮ್ಮ ಮನೆಗಾಗಿ ಮತ್ತೆ ನಿಲ್ಲಲಿಲ್ಲ.

ನಾನು ಒಳಗೆ ಬಂದೆ. ಸಂಜು ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಹಿಡಿದಿದ್ದ. ರೇಣುಕಾ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಬಾಗಿಲ ಬಳಿಯ ರೊಟ್ಟಿ ಗಂಟು ಬಿಚ್ಚಿ ಚೈತ್ರಿಯೂ ನಾನೂ ತಿಂದೆವು. ಇಷ್ಟೇ. ನನ್ನ ಹತ್ತಿರ ಇನ್ನು ಹೇಳುವುದು ಏನೂ ಇಲ್ಲ.